ಅರಿಶಿನ ಹಚ್ಚಿದ್ದು ಯಾರು?

“ಕಾರ್ಡಿನ ಮೂಲೆಗೆ ಅರಿಶಿನ ಹಚ್ಚಿದ್ದು ಯಾರಮ್ಮಾ?”

ಈ ಪ್ರಶ್ನೆ ಕೇಳುವಾಗ ಇಂದ್ರಮ್ಮನ ಕಣ್ಣು ಕಾರ್ಡಿನ ಮೇಲಿರಲಿಲ್ಲ... ಗೋಡೆಯಲ್ಲಿ ಹಾರ ಹಾಕಿದ್ದ ಫೋಟೋದ ಮೇಲಿತ್ತು.

ಕಾರ್ಡು ಜೋಡಿಸುತ್ತಿದ್ದ ಸುಕನ್ಯಾಳ ಕೈ ಅಲ್ಲೇ ನಿಂತಿತು.

ತುಮಕೂರಿನ ಆ ಪುಟ್ಟ ಬಾಡಿಗೆ ಮನೆಯ ಹಾಲ್‌ನಲ್ಲೇ ಅವಳ ಕೆಲಸ. ದಪ್ಪ ಕಾಗದದಲ್ಲಿ ಬಳ್ಳಿ, ಎಲೆ, ಹಕ್ಕಿಯ ಆಕಾರ ಕೊರೆದು, ಹಿಂದಿನಿಂದ ಬಣ್ಣದ ಜಿಲೆಟಿನ್ ಪೇಪರ್ ಅಂಟಿಸುತ್ತಾಳೆ.

ಅವಳ ಕಾರ್ಡನ್ನು ಬೆಳಕಿಗೆ ಹಿಡಿದರೆ ಸಾಕು... ಚರ್ಚಿನ ಬಣ್ಣದ ಗಾಜಿನ ಕಿಟಕಿಯ ಹಾಗೆ ಕೆಂಪು, ಹಸಿರು, ನೀಲಿ ಅಂಗೈ ಮೇಲೆ ಬೀಳುತ್ತದೆ.

ಗಂಡ ಹೋದ ಮೇಲೆ ಸುಮ್ಮನೆ ಕೂರಲಾರದೆ ಹಿಡಿದ ಕೆಲಸ ಅದು. ಮೊದಲು ಹುಟ್ಟುಹಬ್ಬದ ಕಾರ್ಡು, ಆಮೇಲೆ ಗೃಹಪ್ರವೇಶದ್ದು... ಮದುವೆಯ ಕಾರ್ಡಿನ ಆರ್ಡರ್ ಬಂದದ್ದು ಇದೇ ಮೊದಲು.

ಮದುವೆಯ ಹುಡುಗಿ ಸಿಂಚನಾ ಫೋನಿನಲ್ಲೇ ಡಿಸೈನ್ ನೋಡಿ ಮೆಚ್ಚಿಕೊಂಡಿದ್ದಳು. ಮಿಕ್ಕ ಮಾತೆಲ್ಲ ಅವಳ ಸೋದರತ್ತೆ ಇಂದ್ರಮ್ಮನದು. “ನಮಗೆ ಪುರುಸೊತ್ತಿಲ್ಲ ಕಣಮ್ಮಾ, ನಾಲ್ಕು ಮೂಲೆಗೂ ಅರಿಶಿನ ನೀವೇ ಹಚ್ಚಿಟ್ಟಿರಿ” ಎಂದವರೂ ಅವರೇ.

ಫೋನಿನಲ್ಲಿ ಯಾರೂ ಯಾರ ಹಣೆಯನ್ನೂ ನೋಡಿರಲಿಲ್ಲ.

“ಅವರು...?” ಇಂದ್ರಮ್ಮ ಫೋಟೋ ಕಡೆ ಕೈ ತೋರಿಸಿದರು.

“ನಮ್ಮ ಯಜಮಾನ್ರು.”

“ಹಾಗಾದ್ರೆ ಅರಿಶಿನ... ಅಕ್ಕಪಕ್ಕದವರ ಕೈಲಿ ಹಚ್ಚಿಸಿದ್ರಿ, ಅಲ್ವಾ?”

ತಪ್ಪಿಸಿಕೊಳ್ಳುವ ದಾರಿಯನ್ನು ಇಂದ್ರಮ್ಮನೇ ತೋರಿಸಿಬಿಟ್ಟಿದ್ದರು. ‘ಹೂಂ’ ಅಂದರೆ ಮುಗಿಯಿತು. ಪಕ್ಕದ ಮನೆಯ ಜಯಶೀಲಾಳ ಹೆಸರು ಹೇಳಿದರೆ, ಅವಳೂ ಇಲ್ಲ ಅನ್ನುವವಳಲ್ಲ.

ನಿಜ ಹೇಳಿದರೆ? ಕಾರ್ಡೆಲ್ಲ ವಾಪಸ್. ಮಾತು ಒಂದು ಬಾಯಿಂದ ಇನ್ನೊಂದು ಬಾಯಿಗೆ ಹೋಗುತ್ತದೆ. ಇನ್ನು ಯಾವ ಮದುವೆಮನೆಯವರೂ ಅವಳ ಬಾಗಿಲು ತಟ್ಟುವುದಿಲ್ಲ.

‘ಹೂಂ’ ನಾಲಿಗೆಯ ತುದಿಯವರೆಗೆ ಬಂತು...

ಆದರೆ ಹಾಗಂದರೆ, ತನ್ನ ಕೈ ಕೆಟ್ಟದ್ದು ಎಂದು ತಾನೇ ಒಪ್ಪಿಕೊಂಡಂತೆ.

“ಇಲ್ಲಮ್ಮ. ನಾನೇ ಹಚ್ಚಿದ್ದು.”

ಕೈಯಲ್ಲಿದ್ದ ಕಾರ್ಡನ್ನು ಇಂದ್ರಮ್ಮ ಕೆಂಡ ಬಿಟ್ಟ ಹಾಗೆ ಮೇಜಿನ ಮೇಲೆ ಬಿಟ್ಟರು.

“ಅಯ್ಯೋ ಶಿವನೇ! ಮೊದಲೇ ಒಂದ್ ಮಾತು ಹೇಳ್ಬಾರ್ದಿತ್ತೇನಮ್ಮಾ?”

“ನೀವು ಕೇಳ್ಲಿಲ್ಲ. ಹಚ್ಚಿಡಿ ಅಂದ್ರಿ, ಹಚ್ಚಿಟ್ಟೆ.”

“ಮಾತಿಗೇನೂ ಕಮ್ಮಿ ಇಲ್ಲ! ನಾಳೆ ಗಂಡನ ಮನೇಲಿ ಆ ಮಗೂಗೆ ಒಂದು ತಲೆನೋವು ಬಂದ್ರೂ ಬೀಗರು ಈ ಕಾರ್ಡನ್ನೇ ಎತ್ತಾಡ್ತಾರೆ. ಅಪ್ಪ ಇಲ್ಲದ ಹುಡುಗಿ ಕಣ್ರೀ ಅದು... ಯಾರ್ಯಾರಿಗೆ ಅಂತ ಉತ್ತರ ಕೊಡ್ಲಿ ನಾನು?”

ಅವರ ದನಿ ನಡುಗುತ್ತಿತ್ತು. ಅದು ಕೋಪವಲ್ಲ, ಹೆದರಿಕೆ ಎಂದು ಸುಕನ್ಯಾಳಿಗೆ ಗೊತ್ತಾಯಿತು. ಗೊತ್ತಾದ ಮಾತ್ರಕ್ಕೆ ನೋವು ಕಡಿಮೆಯಾಗಲಿಲ್ಲ.

“ಏನಾಯ್ತು ಇಂದ್ರಾ? ಆಟೋವರೆಗೂ ಕೇಳ್ತಿದೆ...”

ಬಾಗಿಲಲ್ಲಿ ಇನ್ನೊಬ್ಬ ಹೆಂಗಸು ನಿಂತಿದ್ದರು. ತೆಳುಬಣ್ಣದ ಸೀರೆ, ಬಳೆಯಿಲ್ಲದ ಕೈ... ಮದುವೆಯ ಹುಡುಗಿಯ ತಾಯಿ, ಪ್ರಭಾವತಿ.

ಇಷ್ಟು ಹೊತ್ತೂ ಅವರು ಹೊರಗೆ ಆಟೋದಲ್ಲೇ ಕೂತಿದ್ದರು. ಮಗಳ ಲಗ್ನಪತ್ರಿಕೆ ಕೈಗೆ ತೆಗೆದುಕೊಳ್ಳುವಾಗ ತಾನು ಎದುರಿಗಿರಬಾರದು ಅಂತ... ಯಾರೂ ಹೇಳುವ ಮೊದಲೇ ತಾವಾಗಿ ಹಿಂದೆ ಉಳಿದಿದ್ದರು.

“ನೀವ್ಯಾಕೆ ಇಳಿದು ಬಂದ್ರಿ ಅತ್ತಿಗೆ? ನಾನು ನೋಡ್ಕೋತೀನಿ” ಎನ್ನುತ್ತಲೇ ಇಂದ್ರಮ್ಮ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದರು.

ಪ್ರಭಾವತಿ ನಿಧಾನವಾಗಿ ಸುಕನ್ಯಾಳ ಮುಂದೆ ಬಂದು ನಿಂತರು. ಬೈಗುಳಕ್ಕೆ ಸಿದ್ಧಳಾಗಿ ಅವಳು ತಲೆ ತಗ್ಗಿಸಿದಳು.

“ಹಚ್ಚುವಾಗ... ಕೈ ನಡುಗಲಿಲ್ವಾ ನಿಮಗೆ?”

ಸುಕನ್ಯಾ ತಲೆಯೆತ್ತಿದಳು. ಅದು ಬೈಗುಳವಾಗಿರಲಿಲ್ಲ. ನಿಜವಾಗಿಯೂ ಉತ್ತರ ಬೇಕಾಗಿದ್ದವರ ಪ್ರಶ್ನೆಯಾಗಿತ್ತು.

“ನಡುಗ್ತು ಅಕ್ಕಾ. ಮೊದಲನೇ ಕಾರ್ಡಿಗೆ ತುಂಬ ನಡುಗ್ತು. ಆಮೇಲೆ ಸಿಂಚನಾ ಅಂತ ಹೆಸರು ಓದ್ದೆ. ಚೆನ್ನಾಗಿರಮ್ಮ, ನಗ್ತಾ ಇರು ಅಂತ ಹೇಳ್ಕೊಂಡು ಹಚ್ತಾ ಹೋದೆ... ನಡುಕ ಯಾವಾಗ ನಿಲ್ತೋ ಗೊತ್ತಾಗ್ಲಿಲ್ಲ.”

ಮೇಜಿನ ಮೇಲೆ ಅರಿಶಿನದ ಬಟ್ಟಲಿತ್ತು. ಪಕ್ಕದಲ್ಲಿ ಇನ್ನೂ ಹಚ್ಚದೆ ಉಳಿದ ಒಂದಿಷ್ಟು ಕಾರ್ಡು. ಪ್ರಭಾವತಿ ಅವುಗಳಲ್ಲಿ ಒಂದನ್ನು ಎತ್ತಿಕೊಂಡರು... ಬೆರಳು ಬಟ್ಟಲಿನ ಕಡೆಗೆ ಹೋಯಿತು.

“ಅತ್ತಿಗೇ!” ಇಂದ್ರಮ್ಮ ಅವರ ಮಣಿಕಟ್ಟು ಹಿಡಿದರು. “ಬೇಡ... ಮಗಳ ಒಳ್ಳೇದಕ್ಕೇ ಹೇಳ್ತಿದೀನಿ.”

ಪ್ರಭಾವತಿ ಕೈ ಕೊಸರಲಿಲ್ಲ. ದನಿಯನ್ನೂ ಏರಿಸಲಿಲ್ಲ.

“ನಿಮ್ಮಣ್ಣ ತೀರಿಕೊಂಡ ವರ್ಷಾನೇ ಅವಳಿಗೆ ಅಮ್ಮ ಆಗಿತ್ತಲ್ಲ ಇಂದ್ರಾ... ಮೈ ತುಂಬ ಗುಳ್ಳೆ. ಬೇವಿನಸೊಪ್ಪು, ಅರಿಶಿನ ಅರೆದು ನೆತ್ತಿಯಿಂದ ಅಂಗಾಲವರೆಗೂ ಹಚ್ಚಿದ್ದು ಇದೇ ಕೈ. ಅಂಟುತ್ತೆ ಅಂತ ಒಬ್ಬರೂ ಹೊಸಿಲು ದಾಟಲಿಲ್ಲ.

ನೀನು ಹಚ್ಬೇಡ, ಮುತ್ತೈದೆ ಕೈಲಿ ಹಚ್ಸು ಅಂತ... ಆಗ ಯಾರಾದ್ರೂ ಬಂದ್ರಾ?”

ಪ್ರಭಾವತಿ ಕೈಯಲ್ಲಿದ್ದ ಕಾರ್ಡಿನ ಕಡೆ ನೋಡಿದರು.

“ಆ ಅರಿಶಿನಕ್ಕೆ ಅವಳು ಎದ್ದು ಕೂತಳು. ಈ ಅರಿಶಿನಕ್ಕೆ ಅವಳಿಗೆ ಕೆಟ್ಟದಾಗುತ್ತಾ?”

ಇಂದ್ರಮ್ಮನ ಹಿಡಿತ ಸಡಿಲವಾಯಿತು.

ಪ್ರಭಾವತಿ ಬೆರಳನ್ನು ಅರಿಶಿನದಲ್ಲಿ ಅದ್ದಿ ಕಾರ್ಡಿನ ಒಂದು ಮೂಲೆಗೆ ಮುಟ್ಟಿಸಿದರು. ಅಷ್ಟಕ್ಕೇ ಕಣ್ಣು ತುಂಬಿ, ಎದುರಿನದೆಲ್ಲ ಮಂಜಾಗಿ, ಕೈ ನಿಂತುಬಿಟ್ಟಿತು...

ಇಂದ್ರಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ಆಮೇಲೆ ಗದರುವ ದನಿಯಲ್ಲೇ ಹೇಳಿದರು:

“ಒಂದೇ ಮೂಲೆಗೆ ಹಚ್ಚಿ ನಿಲ್ಲಿಸ್ತಾರಾ ಯಾರಾದ್ರೂ? ನಾಲ್ಕೂ ಮೂಲೆಗೆ ಹಚ್ಚಿ ಅತ್ತಿಗೆ. ದೇವರ ಮುಂದೆ ಇಡೋ ಕಾರ್ಡು ಅದೇ.”

*

ಒಳ್ಳೆಯದನ್ನು ಬಯಸುವ ಕೈಗೆ ಬಳೆಯ ಸಾಕ್ಷಿ ಬೇಕಿಲ್ಲ.

ನಿಮ್ಮ ಮನೆಯ ಶುಭಕಾರ್ಯದಲ್ಲಿ ಯಾರೂ ಹೇಳದೆಯೇ ಹಿಂದೆ ಸರಿದು ಕೂರುವವರು ಒಬ್ಬರಿರಬಹುದು... ಅವರನ್ನು ಕೈಹಿಡಿದು ಮುಂದಕ್ಕೆ ಕರೆತರುವವರು ನೀವೇ ಯಾಕಾಗಬಾರದು?