ನಾಲ್ಕು ಮಂಚದ ಕೋಣೆ

ಫಾರ್ಮಿನಲ್ಲಿ ‘ಒಬ್ಬರ ಕೋಣೆ’ ಎಂಬಲ್ಲಿ ಗುರುತು ಹಾಕಿ, ‘ಆರೋಗ್ಯದ ತೊಂದರೆ’ ಎಂಬುದರ ಮುಂದೆ ‘ಇಲ್ಲ’ ಎಂದು ಬರೆದು, ಅಮ್ಮ ಅದನ್ನು ಎದೆಗೆ ಒತ್ತಿಕೊಂಡು ಸರದಿಯಲ್ಲಿ ನಿಂತಿದ್ದಳು. ಹಾಸ್ಟೆಲ್ ಆಫೀಸಿನ ಮುಂದೆ ಕಾಲಿಡಲು ಜಾಗವಿಲ್ಲದಷ್ಟು ಸೂಟ್‌ಕೇಸುಗಳು, ಸುತ್ತಿದ ಹಾಸಿಗೆಗಳು, ಮೊದಲ ವರ್ಷದ ಹುಡುಗಿಯರು. ಮಗಳು ನಿಂತಲ್ಲಿ ನಿಲ್ಲುತ್ತಿರಲಿಲ್ಲ.

“ಒಬ್ಬಳೇ ಇರೋವಾಗ ಬಂದ್ರೆ?”

“ಮೆತ್ತಗೆ ಮಾತಾಡೇ. ಮಾತ್ರೆ ತಪ್ಪಿಸ್ದೆ ತಗೊಂಡ್ರೆ ಯಾಕ್ ಬರುತ್ತೆ?”

“ಬಂದ್ರೆ ಅಮ್ಮಾ? ಒಳಗಿಂದ ಚಿಲಕ ಹಾಕಿರುತ್ತೆ.”

ಅಮ್ಮ ಫಾರ್ಮನ್ನು ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡಳು. ಒಂಬತ್ತನೇ ಕ್ಲಾಸಿನಲ್ಲಿ ಮಗಳಿಗೆ ಪಾಠದ ನಡುವೆ ಫಿಟ್ಸ್ ಬಂದಿತ್ತು. ಮರುದಿನದಿಂದ ಅವಳ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ವರ್ಷ ಮುಗಿಯುವ ತನಕ.

ವಾರ್ಡನ್ ಫಾರ್ಮಿನ ಮೇಲೆ ಕಣ್ಣಾಡಿಸಿದರು. “ಒಬ್ಬರ ಕೋಣೆ ಇನ್ನು ಎರಡೇ ಇರೋದು. ನಿನ್ನ ಕ್ಲಾಸಿನವರೆಲ್ಲ ಮೇಲಿನ ಮಹಡೀಲಿ ಒಟ್ಟಿಗಿರ್ತಾರೆ, ಕೋಣೆಗೆ ನಾಲ್ಕು ಮಂಚ. ಓದು, ಊಟ, ಜಗಳ ಎಲ್ಲಾ ಜೊತೇಲೇ. ಹೊಸಬರಿಗೆ ನಾನು ಅದನ್ನೇ ಹೇಳೋದು.”

“ಇವಳಿಗೆ ಗಲಾಟೆ ಆಗಿಬರಲ್ಲ ಮೇಡಂ,” ಅಮ್ಮ ನಡುವೆ ಬಾಯಿ ಹಾಕಿದಳು.

ಮಗಳು ಮೇಜಿನ ಮೇಲಿದ್ದ ಪೆನ್ನೆತ್ತಿಕೊಂಡು ‘ಇಲ್ಲ’ವನ್ನು ಹೊಡೆದುಹಾಕಿದಳು. ಪಕ್ಕದಲ್ಲಿ ‘ಫಿಟ್ಸ್’ ಎಂದು ಬರೆದಳು. “ನಾಲ್ಕು ಮಂಚದ್ದೇ ಕೊಡಿ ಮೇಡಂ.”

ಮೆಟ್ಟಿಲು ಹತ್ತುವಾಗ ಅಮ್ಮ ಆಡಿದ್ದು ಒಂದೇ ಮಾತು. “ನಿನ್ನ ತಲೆ ಮೇಲೆ ನೀನೇ ಚಪ್ಪಡಿ ಎಳ್ಕೊಂಡೆ.”

ಕೋಣೆಯಲ್ಲಿ ಮೂವರು ಹುಡುಗಿಯರು ನಗುತ್ತ ಬಟ್ಟೆ ಜೋಡಿಸುತ್ತಿದ್ದರು. ಮಗಳು ಬ್ಯಾಗು ಕೆಳಗಿಡುವ ಮೊದಲೇ ಹೇಳಿಬಿಟ್ಟಳು: “ನಂಗೆ ಫಿಟ್ಸ್ ಇದೆ. ವರ್ಷಕ್ಕೆ ಒಂದೋ ಎರಡೋ ಸಲ ಬರುತ್ತೆ. ಮೊದಲೇ ಗೊತ್ತಿರಲಿ ಅಂತ ಹೇಳ್ದೆ.”

ನಗು ನಿಂತಿತು. ಕಿಟಕಿ ಪಕ್ಕದ ಮಂಚದವಳು ತೆಗೆದಿಟ್ಟ ಬಟ್ಟೆಗಳನ್ನು ಮತ್ತೆ ಸೂಟ್‌ಕೇಸಿಗೆ ತುಂಬಿದಳು. “ನಾನು... ವಾರ್ಡನ್ ಹತ್ರ ಕೇಳ್ಕೊಂಡ್ ಬರ್ತೀನಿ,” ಎಂದು ಯಾರ ಮುಖವನ್ನೂ ನೋಡದೆ ಹೊರಟಳು. ಬಾಗಿಲಲ್ಲಿದ್ದ ಅಮ್ಮನೇ ಅವಳಿಗೆ ದಾರಿ ಬಿಡಬೇಕಾಯಿತು.

“ಕಂಡ್ಯಾ?” ಅಮ್ಮ ಮಗಳ ತೋಳು ಹಿಡಿದಳು. “ಬಾ. ಆ ಒಬ್ಬರ ಕೋಣೆ ಇನ್ನೂ ಖಾಲಿ ಇರುತ್ತೆ.”

ಮಗಳ ಕಣ್ಣು ತುಂಬಿಬಂತು. ಆದರೂ ಬ್ಯಾಗನ್ನು ಖಾಲಿ ಮಂಚದ ಪಕ್ಕ ಕೆಳಗಿಟ್ಟಳು.

“ಆಂಟಿ,” ಉಳಿದಿಬ್ಬರಲ್ಲಿ ಗುಂಗುರು ಕೂದಲಿನವಳು ಕೇಳಿದಳು, “ಅದು ಬಂದಾಗ ನಾವೇನ್ ಮಾಡ್ಬೇಕು?”

ಇಷ್ಟು ವರ್ಷಗಳಲ್ಲಿ ಅಮ್ಮನನ್ನು ಯಾರೂ ಹಾಗೆ ಕೇಳಿರಲಿಲ್ಲ. ಅವಳು ಸರಕ್ಕನೆ ಚಪ್ಪಲಿ ಕಳಚಿ, ಒಳಗೆ ಬಂದು, ಬರಿನೆಲದ ಮೇಲೆ ಅಂಗಾತ ಮಲಗಿಬಿಟ್ಟಳು.

“ಬಾಯಿಗೆ ಏನೂ ತುರುಕ್ಬೇಡಿ. ಕೈಕಾಲು ಅದುಮಿ ಹಿಡೀಬೇಡಿ. ತಲೆ ಕೆಳಗೆ ಮೆತ್ತಗಿರೋದು ಏನಾದ್ರೂ ಇಡಿ, ಮಗ್ಗುಲಿಗೆ ಹೊರಳಿಸಿ. ಗಡಿಯಾರ ನೋಡ್ತಿರಿ. ಐದು ನಿಮಿಷ ದಾಟಿದ್ರೆ ಆಂಬುಲೆನ್ಸ್. ಹೂಂ, ಮಾಡಿ.”

ಗುಂಗುರು ಕೂದಲಿನವಳು ಮಂಡಿಯೂರಿದಳು. ತನ್ನ ಹೊಸ ಟವೆಲ್ಲನ್ನು ಮಡಚಿ ಅಮ್ಮನ ತಲೆಯ ಕೆಳಗಿಟ್ಟು, ಭುಜ ಮತ್ತು ಸೊಂಟ ಹಿಡಿದು ನಿಧಾನವಾಗಿ ಮಗ್ಗುಲಿಗೆ ಹೊರಳಿಸಿದಳು.

“ಸರಿಯಾಯ್ತಾ ಆಂಟಿ? ಏಳಿ ಇನ್ನು.”

ಅಮ್ಮ ಏಳಲಿಲ್ಲ. ಮತ್ತೆ ಅಂಗಾತವಾಗಿ, ಕಣ್ಣು ಮುಚ್ಚಿಕೊಂಡೇ, ಗೋಡೆಗೆ ಒರಗಿ ನಿಂತಿದ್ದ ಇನ್ನೊಬ್ಬಳತ್ತ ಕೈ ಚಾಚಿದಳು.

“ಈಗ ನೀನು ಬಾ.”