ಬುಧವಾರದಮ್ಮನ ಪೆಟ್ಟಿಗೆ

ಸಾಗಣೆ ಎರಡು ಸಾವಿರದ ನಾನೂರು, ಬಿಡಿಸಿಕೊಳ್ಳುವವರೇ ಕೊಡಬೇಕು. ಗೋದಾಮಿನ ಬಾಡಿಗೆ ದಿನಕ್ಕೆ ಮೂವತ್ತು. ಐವತ್ತೊಂದು ದಿನಕ್ಕೆ ಎಲ್ಲ ಸೇರಿ ಮೂರು ಸಾವಿರದ ಒಂಬೈನೂರ ಮೂವತ್ತು. ಪ್ಯಾಂಟಿನ ಅಂಚು ಮಡಚಿ ಹೊಲಿದರೆ ಆಕೆಗೆ ಸಿಗುವುದು ಮೂವತ್ತು. ಅಂದರೆ ನೂರ ಮೂವತ್ತೊಂದು ಪ್ಯಾಂಟು. ಸಾಗಣೆ ಕಚೇರಿಯ ಗುಮಾಸ್ತ ಈ ಲೆಕ್ಕ ಮುಗಿಸುವಷ್ಟರಲ್ಲಿ ಆಕೆ ಮೂಲೆಯ ಮರದ ಪೆಟ್ಟಿಗೆಯ ಮುಂದೆ ಕುಳಿತು ಹಗ್ಗ ಬಿಚ್ಚುತ್ತಿದ್ದಳು.

"ಬಂದ್ರಲ್ಲ, ನಿಮ್ಮ ಬುಧವಾರದಮ್ಮ," ಎಂದ ಮುದುಕ ಹಮಾಲಿ. "ಒಂದು ಕಣ್ಣಿಟ್ಟಿರಿ ಸಾರ್. ನೋಡ್ತೀನಿ ನೋಡ್ತೀನಿ ಅಂತ ವಾರಕ್ಕೊಂದು ಸಾಮಾನು ಚೀಲಕ್ಕೆ ಹೋಗ್ತಿರ್ಬೇಕು. ಕೊನೇಗೆ ಖಾಲಿ ಪೆಟ್ಟಿಗೆ ನಮ್ಮ ತಲೆಗೆ."

ಗುಮಾಸ್ತನಿಗೂ ಆ ಅನುಮಾನ ಇಲ್ಲದಿರಲಿಲ್ಲ. ವಿಳಾಸದಾರರು ಬಂದರೆ ಸರಕನ್ನು ಬಿಚ್ಚಿ ನೋಡಬಹುದು. ಒಯ್ಯಬೇಕಾದರೆ ದುಡ್ಡು ಕಟ್ಟಿ ಸಹಿ ಹಾಕಬೇಕು. ಅರವತ್ತು ದಿನ ಯಾರೂ ಬಿಡಿಸಿಕೊಳ್ಳದಿದ್ದರೆ ಕಳಿಸಿದವರಿಗೇ ವಾಪಸ್. ಆಕೆ ಎಂಟು ಬುಧವಾರಗಳಿಂದ ನೋಡುತ್ತಲೇ ಇದ್ದಳು.

ಅವನು ಮುಚ್ಚಳಕ್ಕೆ ಸಿಕ್ಕಿಸಿದ್ದ ಸಾಮಾನಿನ ಪಟ್ಟಿ ಹಿಡಿದು ಪಕ್ಕದಲ್ಲಿ ನಿಂತ. ಹನ್ನೊಂದು ಸಾಮಾನು. ಉಣ್ಣೆಯ ಹೊದಿಕೆ, ಗುಂಡಿ ತುಂಬಿದ ಡಬ್ಬಿ, ಕೈಗನ್ನಡಿ, ಗೋಡೆ ಗಡಿಯಾರ... ಎಲ್ಲವೂ ಇದ್ದವು. ಆಕೆ ಒಂದು ಮರದ ಅಳತೆಪಟ್ಟಿಯನ್ನು ಎತ್ತಿ ತೋರಿಸಿದಳು. ಮೊದಲ ಇಂಚು ಸವೆದು ಅಳಿಸಿಹೋಗಿತ್ತು.

"ಅಪ್ಪ ಮಾಡಿಕೊಟ್ಟಿದ್ದು. ನಾನು ಮೊದಮೊದಲು ಹೊಲಿದ ಅಂಗಿಯೆಲ್ಲ ಒಂದಿಂಚು ಗಿಡ್ಡ. ಹಾಕ್ಕೊಂಡೋರೆಲ್ಲ ಬೆಳೆದುಬಿಟ್ವಿ ಅಂದ್ಕೊಳ್ತಿದ್ರು."

ಹಮಾಲಿ ನಕ್ಕ. ಆಕೆ ನಗಲಿಲ್ಲ. ಅಳತೆಪಟ್ಟಿಯನ್ನು ಹೊದಿಕೆಯ ಮಡಿಕೆಯೊಳಗೆ ಇಟ್ಟಳು. ಚೀಲದಿಂದ ನಾಲ್ಕು ನುಸಿಗುಳಿಗೆ ತೆಗೆದು ನಾಲ್ಕು ಮೂಲೆಗೆ ಹಾಕಿದಳು. ಕನ್ನಡಿಗೆ ಮತ್ತೊಂದು ಬಟ್ಟೆ ಸುತ್ತಿದಳು. ತೆಗೆದುಕೊಂಡು ಹೋಗುವುದಿರಲಿ, ಬಂದಾಗಲೆಲ್ಲ ಏನಾದರೂ ಹಾಕಿಯೇ ಹೋಗುತ್ತಿದ್ದಳು. ಹಗ್ಗಕ್ಕೆ ಮೂರು ಗಂಟು ಬಿತ್ತು.

"ನಿಮ್ಮ ರೂಮು ಹಿಂದಿನ ಬೀದಿ ತಾನೇ ಅಕ್ಕಾ? ಇಷ್ಟು ಬಿಗಿ ಯಾಕೆ?"

"ಗಡಿಯಾರ ಅಲುಗಾಡಬಾರದು ಸಾರ್. ಇನ್ನು ಎಷ್ಟು ದಿನ?"

"ಒಂಬತ್ತು."

ಆಕೆ ಉಸಿರು ಬಿಟ್ಟಳು. ಅವನಿಗೆ ಪಿಚ್ಚೆನಿಸಿತು. ಅವನ ಊರೂ ದೂರವೇ. ಅಲ್ಲಿ ಬಿಟ್ಟು ಬಂದಿದ್ದ ಅವನ ಸೈಕಲ್ಲು, ಪುಸ್ತಕ, ಕೇರಂ ಬೋರ್ಡು ಎಲ್ಲವನ್ನೂ ಚಿಕ್ಕಮ್ಮ ಗುಜರಿಗೆ ಹಾಕಿದ್ದಳು. ಅವನಿಗೆ ತಿಳಿದದ್ದು ವರ್ಷದ ಮೇಲೆ. ಆಗ ಅಳುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಊರಿಗೆ ಹೋಗುವುದು ಮಾತ್ರ ನಿಂತುಹೋಯಿತು.

"ಸಹಿ ಹಾಕಿ ತಗೊಂಡು ಹೋಗಿ ಅಕ್ಕಾ. ದುಡ್ಡು ಆಮೇಲೆ ನೋಡಿಕೊಳ್ಳೋಣ."

"ಸಹಿ ಹಾಕಿದ್ರೆ ಮುಗೀತಲ್ಲ ಸಾರ್."

"ಬಾಡಿಗೆ ಮನ್ನಾ ಮಾಡೋಕೆ ಸಾಹೇಬರಿಗೆ ಹೇಳಲಾ?"

"ಬೇಡ. ನೀವೇನೂ ಮಾಡಬೇಡಿ." ಆಕೆ ಎದ್ದು ಮೊಣಕಾಲಿನ ಧೂಳು ಕೊಡವಿಕೊಂಡಳು. "ಮನೆ ಸೇರಿಬಿಟ್ರೆ ಸಾಕು. ಅಷ್ಟೇ ನನಗೆ."

ಸ್ವಾಭಿಮಾನದ ಹೆಂಗಸು ಎಂದುಕೊಂಡ ಗುಮಾಸ್ತ.

ಮುಂದಿನ ಬುಧವಾರವೂ ಹಾಗೇ ಆಯಿತು. ಹೊದಿಕೆ, ಗುಂಡಿ, ಕನ್ನಡಿ, ಗಂಟು. ಎರಡೇ ದಿನ ಉಳಿದಿದೆ ಎಂದಾಗ ಆಕೆ ಅದೇ ಮೊದಲ ಬಾರಿಗೆ ಪೆಟ್ಟಿಗೆಯ ಮುಚ್ಚಳ ಸವರಿ, ಹಿಂತಿರುಗಿ ನೋಡದೆ ನಡೆದಳು.

"ಪಾಪ, ಆಸೆ ಬಿಟ್ಲು," ಎಂದ ಹಮಾಲಿ. ಅನುಮಾನಪಟ್ಟವನೂ ಅವನೇ.

ಗುಮಾಸ್ತ ತನ್ನ ಜೇಬಿನಿಂದ ನಾಲ್ಕು ಸಾವಿರದ ನೂರ ನಲವತ್ತು ಕಟ್ಟಿದ. ರಶೀದಿಯ ಮೇಲೆ ಆಕೆಯ ಪರವಾಗಿ ಎಂದು ಬರೆದು ತಾನೇ ಸಹಿ ಹಾಕಿದ. ಹಾಗೆ ಮಾಡಬಾರದು, ಆದರೂ ಮಾಡಿದ. ಕಂಪ್ಯೂಟರಿನಲ್ಲಿ 'ತಲುಪಿದೆ' ಎಂದು ಒತ್ತಿದೊಡನೆ ಎಂದಿನಂತೆ ಕಳಿಸಿದವರ ಮೊಬೈಲಿಗೆ ಸಂದೇಶ ಹೋಯಿತು.

ಸಂಜೆ ಪಾಳಿ ಮುಗಿದ ಮೇಲೆ ಅವನೂ ಹಮಾಲಿಯೂ ತಳ್ಳುಗಾಡಿಯಲ್ಲಿ ಪೆಟ್ಟಿಗೆ ಹೇರಿಕೊಂಡು ಹಿಂದಿನ ಬೀದಿಗೆ ಹೋದರು. ಇಸ್ತ್ರಿ ಅಂಗಡಿಯ ಮೇಲಿನ ರೂಮು. ಹೊಲಿಗೆ ಯಂತ್ರ, ಒಂದು ಕುರ್ಚಿ, ಸುತ್ತಿಟ್ಟ ಹಾಸಿಗೆ. ಪೆಟ್ಟಿಗೆಯನ್ನು ಇಳಿಸಿದರೆ ಕಾಲಿಡಲು ಜಾಗವಿಲ್ಲ.

ಆಕೆ ಕುರ್ಚಿಯಲ್ಲಿದ್ದಳು. ಮೊಬೈಲು ಮಡಿಲಲ್ಲಿತ್ತು. ಏಳಲಿಲ್ಲ.

"ಅಕ್ಕಾ, ಕೊನೆಗೂ ಮನೆ ಸೇರ್ತು ನೋಡಿ!" ಎಂದ ಗುಮಾಸ್ತ.

"ಇದು ರೂಮು, ಸಾರ್."

ಹಮಾಲಿ ಹೆಗಲ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡ. ಗುಮಾಸ್ತನ ನಗು ಅರ್ಧಕ್ಕೆ ನಿಂತಿತು.

"ಅಣ್ಣ ಮಧ್ಯಾಹ್ನವೇ ಫೋನ್ ಮಾಡಿದ್ದ. ಪೆಟ್ಟಿಗೆ ಬಿಡಿಸಿಕೊಂಡ್ಯಂತೆ, ಸಂತೋಷ ಅಂದ." ಅಳತೆಪಟ್ಟಿಯ ಬಗ್ಗೆ ಹೇಳಿದ್ದ ಅದೇ ದನಿ, ಏರಿಲ್ಲ, ಇಳಿದಿಲ್ಲ. "ಸಹಿ ಯಾರು ಹಾಕಿದ್ರು?"

"ನಾನೇ ಅಕ್ಕಾ. ನಿಮ್ಮ ಪರವಾಗಿ. ಇಲ್ಲದಿದ್ರೆ ನಾಡಿದ್ದು ಊರಿಗೆ ವಾಪಸ್ ಹೋಗಿಬಿಡ್ತಿತ್ತು."

"ಹೌದು. ಹೋಗ್ತಿತ್ತು." ಆಕೆ ಪೆಟ್ಟಿಗೆಯ ಗಂಟುಗಳನ್ನು ನೋಡಿದಳು. "ನನ್ನ ಸಾಮಾನು ಒಳಗಿರೋವರೆಗೂ ಊರಿನ ಮನೆ ಮಾರಬಾರದು ಅಂತ ಅಪ್ಪ ಬರೆದಿಟ್ಟು ಹೋಗಿದ್ರು. ಅಣ್ಣ ನನ್ನ ಕೋಣೆ ಖಾಲಿ ಮಾಡಿ ಎಲ್ಲಾ ಇಲ್ಲಿಗೆ ಕಳಿಸಿದ. ನಾನು ಬಿಡಿಸಿಕೊಳ್ಳದೇ ಇದ್ರೆ ಅದು ತಾನಾಗೇ ವಾಪಸ್ ಹೋಗಿ ಆ ಮನೆ ಸೇರ್ತಿತ್ತು. ಅದಕ್ಕೇ ದಿನ ಎಣಿಸ್ತಿದ್ದೆ. ಈಗ ಸಹಿ ಬಿತ್ತು, ನಾನೇ ಒಪ್ಪಿ ಒಯ್ದ ಹಾಗಾಯ್ತು."

ಹನ್ನೊಂದು ಸಾಮಾನು ಬಂದವು, ಮನೆ ಹೋಯಿತು.