ಆಳಿನ ಕೈ

ಸಂಜೆ ಪ್ರಾರ್ಥನೆಯ ಗಂಟೆ ನಿಂತೊಡನೆ ಪೆತ್ರಾ ಮನೆಯ ಹಿರಿಯರ ಆಶೀರ್ವಾದ ಪಡೆಯುವ ಎಂದಿನ ಅಭ್ಯಾಸದಂತೆ ಎದ್ದು, ನೀರು ಹೊರುವ ಮುದುಕನ ಬಲಗೈ ಹಿಡಿದು ಹಣೆಗೊತ್ತಿಕೊಂಡಳು. ಮರುಕ್ಷಣವೇ ಅವಳ ಮುಖ ಬಿಳಿಚಿತು. ಆ ಮುದುಕ ನಿಜವಾಗಿ ಆಳಲ್ಲ, ಆಳಿನ ವೇಷದಲ್ಲಿದ್ದವನು. ಅಮೆರಿಕದ ಸಿಪಾಯಿಗಳು ಸಮಾರ್ ದ್ವೀಪವನ್ನೆಲ್ಲ ಜಾಲಾಡಿ ಹುಡುಕುತ್ತಿದ್ದ ಬಂಡಾಯದ ನಾಯಕ, ಅವಳ ಸೋದರಮಾವ ಇಲಾರಿಯೊ.

ಅಂಗಳದಲ್ಲಿ ಬಂದೂಕು ಹಿಡಿದು ನಿಂತಿದ್ದ ಸಾರ್ಜೆಂಟನಿಗೆ ಏನೂ ಹೊಳೆಯಲಿಲ್ಲ. ಆದರೆ ಅವನ ದುಭಾಷಿ ಮನಿಲಾದವನು, ಹೀಗೆ ಹಿರಿಯರ ಕೈಗೆ ಹಣೆ ಹಚ್ಚುವ ರೂಢಿ ಬಲ್ಲವನು. "ಏನಮ್ಮಾ, ನಿಮ್ಮೂರಲ್ಲಿ ಒಡತಿಯರು ಆಳಿನ ಕೈಗೂ ಹಣೆ ಹಚ್ತಾರಾ?" ಎಂದು ನಕ್ಕ.

ಪೆತ್ರಾಳ ತಾಯಿ ಸಿಮೋನಾ ಜಪಸರವನ್ನು ಬಿಗಿಹಿಡಿದಳು. ಈ ಯುದ್ಧದಲ್ಲಿ ಮಗ ಸತ್ತು ನಲವತ್ತು ದಿನವೂ ಆಗಿರಲಿಲ್ಲ. ದೇವರೇ, ತಮ್ಮನನ್ನೂ ಕೊಡಬೇಕೆ? ಅವಳು ಎದ್ದು ನೇರವಾಗಿ ಒಲೆಯ ಬಳಿಗೆ ಹೋದಳು. ಅಡಿಗೆಯ ಮುದುಕಿ ತಿಯಾಗಾಳ ಮುಂದೆ ಬಾಗಿ, ಮಸಿ ಹಿಡಿದ ಆ ಕೈಯನ್ನು ಹಣೆಗೊತ್ತಿಕೊಂಡಳು.

"ಹೂಂ ಕಣಪ್ಪಾ, ನಮ್ಮನೇಲಿ ವಯಸ್ಸಿಗೆ ಮರ್ಯಾದೆ. ನಿಮ್ಮಮ್ಮ ನಿಂಗೆ ಹೇಳ್ಕೊಡ್ಲಿಲ್ವಾ?" ಎಂದಳು ಸಿಮೋನಾ.

ದುಭಾಷಿಯ ನಗು ಆರಿತು.

"ಏನಂತೆ ಅವಳದು?" ಎಂದು ಸಾರ್ಜೆಂಟ್ ಗದರಿದ.

ದುಭಾಷಿ ಇಲಾರಿಯೊನನ್ನೊಮ್ಮೆ ನೋಡಿದ. ಆಮೇಲೆ ಸಿಮೋನಾಳ ಹಣೆಯ ಮಸಿಯನ್ನು ನೋಡಿದ.

"ಏನಿಲ್ಲ ಸಾಹೇಬ್ರೇ, ಒಡತಿ ಪ್ರಾರ್ಥನೆ ಮಾಡ್ತಾ ಇದಾಳೆ" ಎಂದ.